ಬೇಲಿಯ ಹುಳಿ ಸೇಬು

ಅಪ್ಪ ಹೋದ ಮೇಲೆ ತೋಟ ಪಾಲಾಯಿತು. ಪಾಲಾಯಿತು ಅನ್ನುವುದು ಮರ್ಯಾದೆಗೆ ಹೇಳುವ ಮಾತು. ಸೇಬಿನ ತೋಟ, ಉಗ್ರಾಣ, ಲಾರಿ, ದೊಡ್ಡ ಮನೆ ಎಲ್ಲವನ್ನೂ ಅಣ್ಣ ತನ್ನ ಹೆಸರಿಗೆ ಮಾಡಿಕೊಂಡ. ಬೇಲಿಯುದ್ದಕ್ಕೂ ನಿಂತಿದ್ದ ಹುಳಿ ಸೇಬಿನ ಸೊಟ್ಟ ಮರಗಳನ್ನೂ, ಪಕ್ಕದಲ್ಲಿ ಕೆಲಸದವರಿಗೆಂದು ಕಟ್ಟಿಸಿದ್ದ ಎರಡು ಕೋಣೆಯ ಮನೆಯನ್ನೂ ತಂಗಿಗೆ ಬಿಟ್ಟ. ಆ ಮರದ ಹಣ್ಣು ಗೋಲಿಯಷ್ಟು ದಪ್ಪ. ಕಚ್ಚಿದರೆ ಹಲ್ಲು ಜುಮ್ಮೆಂದು ಕಣ್ಣಲ್ಲಿ ನೀರು ಬರಬೇಕು. ನಿನಗೂ ಮರ ಬಂತಲ್ಲ, ಇನ್ನೇನು ಬೇಕು ಅಂದ ಅಣ್ಣ. ಮನೆಯವರೆಲ್ಲ ಚೂಟಿ ಎಂದು ಕರೆಯುತ್ತಿದ್ದ ಆ ತಂಗಿ ಕಮಕ್ ಕಿಮಕ್ ಅನ್ನದೆ ಸಹಿ ಹಾಕಿದಳು. ಊರು ಅವಳನ್ನು ಪೆದ್ದಿ ಅಂದಿತು. ಅನ್ನಲಿ ಬಿಡಿ, ಊರಿಗೇನು, ಬಾಯಿದೆ ಅನ್ನುತ್ತೆ.

ಅವಳ ಹೊಟ್ಟೆಯಲ್ಲಿದ್ದ ಕಿಚ್ಚು ಆಸ್ತಿಯದಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಅದು ಹಳೆಯದು.

ಚಿಕ್ಕಂದಿನಿಂದಲೂ ಅಣ್ಣ ತಂಗಿ ಉಗ್ರಾಣದಲ್ಲಿ ಎದುರುಬದುರು ಕೂತು ಹಣ್ಣಿಗೆ ಕಾಗದ ಸುತ್ತುತ್ತಿದ್ದರು, ಸುತ್ತುತ್ತ ಜಗಳವಾಡುತ್ತಿದ್ದರು. ಅವನು ಹೌದು ಅಂದರೆ ಇವಳು ಅಲ್ಲ. ಇವಳು ಏರಿಗೆ ಎಳೆದರೆ ಅವನು ನೀರಿಗೆ. ಆದರೆ ಆ ಜಗಳ ಮುಗಿಯುವಷ್ಟರಲ್ಲಿ ಇಬ್ಬರ ತಲೆಯಲ್ಲೂ ಇರದಿದ್ದ ಮೂರನೆಯದೊಂದು ಉಪಾಯ ಬುಟ್ಟಿಗಳ ನಡುವೆ ಬಂದು ಕೂತಿರುತ್ತಿತ್ತು. ಮುರಿಯದ ಏಣಿ, ಹಣ್ಣು ಜಜ್ಜದ ಪೆಟ್ಟಿಗೆ, ಎಲ್ಲ ಹಾಗೇ ಹುಟ್ಟಿದ್ದು. ಯಾವುದು ಯಾರದು ಅಂತ ಆಗ ಯಾರೂ ಕೇಳಿರಲಿಲ್ಲ.

ಒಂದು ಸಲ ಅಣ್ಣ ಗೊಣಗುತ್ತಿದ್ದ. ನಮ್ಮ ಸೇಬು ಸಿಹಿಯೇನೋ ಸಿಹಿ, ಇಟ್ಟರೆ ಹಿಟ್ಟು ಹಿಟ್ಟಾಗಿ ಕೊಳೆಯುತ್ತದೆ ಅಂತ. ಬೇಲಿಮರದ ಹಣ್ಣು ತಿಂಗಳುಗಟ್ಟಲೆ ಕೊಳೆಯುವುದಿಲ್ಲವಲ್ಲ, ಅದರ ಪರಾಗ ತಂದು ಇದರ ಹೂವಿಗೆ ಮುಟ್ಟಿಸಿದರೆ ಹೇಗೆ ಅಂದಳು ಚೂಟಿ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕತ್ತೆಗೂ ಕುದುರೆಗೂ ಮದುವೆ ಮಾಡ್ತೀಯಾ ಅಂದ. ಅವಳು ನಗಲಿಲ್ಲ. ಸಿಹಿ ಸೇಬಿನ ಮೊಗ್ಗು ಬಿರಿಯುವ ಮೊದಲೇ ಎಸಳು ಬಿಡಿಸಿ, ಉಗುರಿನ ತುದಿಯಲ್ಲಿ ಕೇಸರಗಳನ್ನು ಚಿವುಟಿ ತೆಗೆದು, ಬೇಲಿಮರದ ಹಳದಿ ಪುಡಿಯನ್ನು ಕುಂಚದಲ್ಲಿ ಮುಟ್ಟಿಸಿ, ಜೇನು ತಾಗದಂತೆ ಕಾಗದದ ಚೀಲ ಕಟ್ಟಿದಳು. ಇನ್ನೊಂದು ಕೊಂಬೆಯ ಹೂವಿಗೆ ಆ ಸಿಹಿ ಮರದ ಸ್ವಂತ ಪರಾಗವನ್ನೇ ಮುಟ್ಟಿಸಿದಳು, ಹೋಲಿಸಿ ನೋಡೋಣವೆಂದು. ಆ ಕೊಂಬೆಯಲ್ಲಿ ಒಂದೇ ಒಂದು ಕಾಯಿ ನಿಲ್ಲಲಿಲ್ಲ. ಸೇಬು ತನ್ನ ಪರಾಗಕ್ಕೆ ತಾನೇ ಕಾಯಿ ಕಟ್ಟುವುದಿಲ್ಲ, ಬೇರೆ ಜಾತಿಯದೇ ಬೇಕು ಅಂತ ಅವಳಿಗೆ ಅವತ್ತು ತಿಳಿಯಿತು. ಅಣ್ಣನಿಗೂ ಹೇಳಿದಳು. ಅವನು ಲಾರಿಯ ಚಕ್ರ ಬಿಚ್ಚುತ್ತಿದ್ದ, ಹೂಂ ಹೂಂ ಅಂದ.

ಬೇಲಿಮರದ ಪರಾಗ ಮುಟ್ಟಿಸಿದ ಕೊಂಬೆಯಲ್ಲಿ ಕಾಯಿ ನಿಂತಿತು, ಅದರ ಬೀಜ ಸಸಿಯಾಗಿ, ಸಸಿ ಮರವಾಗಿ, ಆ ಮರಗಳಲ್ಲೊಂದು ಹಣ್ಣು ಬಿಟ್ಟಿತು ನೋಡಿ, ಜೇನಿನಂಥ ಸಿಹಿ, ಕಲ್ಲಿನಂಥ ಬಾಳಿಕೆ. ಬೆಳೆಗಾರರ ಸಂಘದವರು ಅಣ್ಣನನ್ನು ವೇದಿಕೆಗೆ ಕರೆದು ಪದಕ ಹಾಕಿದರು. ಇದು ಹೇಗೆ ಹೊಳೆಯಿತು ಸ್ವಾಮಿ ಎಂದು ಯಾರೋ ಕೇಳಿದರು. "ಒಂದು ದಿನ ಬೆಳಗ್ಗೆ ಹಲ್ಲುಜ್ಜುತ್ತಾ ಇದ್ದೆ. ಥಟ್ ಅಂತ ಹೊಳೀತು" ಅಂದ ಮಹಾನುಭಾವ. ಕೆಳಗೆ ಕೂತಿದ್ದ ಚೂಟಿಗೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ಕೈ ಕೆಸರಾದದ್ದು ಇವಳದು, ಬಾಯಿ ಮೊಸರಾದದ್ದು ಅವನದು. ಇವನು ಇದೇ ಜನರೆದುರು, ಅದು ನನ್ನ ತಂಗಿಯ ಯೋಚನೆ ಎಂದು ಹೇಳುವವರೆಗೂ ಬಿಡುವುದಿಲ್ಲ ಎಂದು ಅವಳು ಅವತ್ತೇ ಹಲ್ಲು ಕಚ್ಚಿಕೊಂಡಳು.

ಪದಕದ ಮದ ನೆತ್ತಿಗೇರಿತು. ಅಪ್ಪನ ಕಾಲದಲ್ಲಿ ತೋಟದಲ್ಲಿ ಹತ್ತಾರು ಜಾತಿ ಕಲಸುಮೇಲೋಗರವಾಗಿದ್ದವು. ಎಲ್ಲರ ತೋಟವೂ ಹಾಗೆಯೇ, ಅದಕ್ಕೇ ಪರಾಗದ ಚಿಂತೆ ಯಾರಿಗೂ ಬಂದಿರಲಿಲ್ಲ. ಪಾಲಾಗುವುದಕ್ಕೆ ಮೊದಲೇ ಅಣ್ಣ ಪ್ರತಿ ಮರದ ತಲೆ ಕಡಿದು ಹೊಸ ಸೇಬಿನ ಕಸಿ ಕಟ್ಟಿದ. ಕಸಿಯೆಂದರೆ ಒಂದೇ ಮರದ ಕೊಂಬೆ ಅಲ್ಲೊಂದು ಇಲ್ಲೊಂದು ನಿಂತ ಹಾಗೆ. ನೋಡುವವರಿಗೆ ತೋಟ, ಲೆಕ್ಕಕ್ಕೆ ಒಂದೇ ಮರ. ಅದನ್ನೇ ಸಸಿ ಮಾಡಿ ಊರಿನ ಬೆಳೆಗಾರರಿಗೂ ಮಾರಿದ. ಹಳೆಯದನ್ನೆಲ್ಲ ಕಿತ್ತೆಸೆಯಿರಿ ಎಂದು ಬುದ್ಧಿ ಬೇರೆ ಹೇಳಿದ. ಅವನ ತೋಟದಲ್ಲಿ ಹಣ್ಣು ತೊನೆಯುತ್ತಿದ್ದದ್ದು ಬೇಲಿಮರಗಳ ದಯೆಯಿಂದ. ಅವನ್ನೇ ತಂಗಿಗೆ ದಾನ ಮಾಡಿದ, ಪುಣ್ಯಾತ್ಮ.

ಪಾಲಾದ ಮರುವಸಂತದಲ್ಲಿ ಬೇಲಿಮರ ಮೊಗ್ಗಾದ ಕೂಡಲೇ ಚೂಟಿ ಏಣಿ ಹಾಕಿದಳು. ಮೊಗ್ಗಿದ್ದ ರೆಂಬೆಯನ್ನೆಲ್ಲ ಕತ್ತರಿಸಿ ಪೇಟೆಯ ಹೂವಿನ ಅಂಗಡಿಗೆ, ಹೂದಾನಿಗೆಂದು ಕೊಟ್ಟುಬಂದಳು. ಪಾಪ, ಹೊಟ್ಟೆಪಾಡು ಎಂದ ಅಣ್ಣ. ಅವನ ತೋಟ ತುದಿಯಿಂದ ಬುಡದವರೆಗೆ ಬೆಳ್ಳಗೆ ಅರಳಿತು. ಕೈ ಹಿಂದೆ ಕಟ್ಟಿಕೊಂಡು ರಾಜನ ಹಾಗೆ ತಿರುಗಾಡಿದ. ಎಸಳು ಉದುರಿತು, ತೊಟ್ಟು ಹಳದಿಯಾಯಿತು, ಆಮೇಲೆ ತೊಟ್ಟೂ ಉದುರಿತು. ಹಾಳಾದ ಗಾಳಿ ಅಂದ. ಮರುವರ್ಷ ಇವಳು ಮತ್ತೆ ಏಣಿ ಹಾಕಿದಳು, ಅವನು ದೂರದಿಂದ ಜೇನುಪೆಟ್ಟಿಗೆ ತರಿಸಿದ. ಜೇನುಹುಳಗಳು ಹೊತ್ತು ಮುಳುಗುವವರೆಗೂ ದುಡಿದವು, ಆದರೆ ಒಯ್ದದ್ದೂ ಅದೇ ಮರದ ಪರಾಗ, ತಂದದ್ದೂ ಅದೇ. ಕಿಟಕಿಯಿಂದ ನೋಡುತ್ತಿದ್ದ ಚೂಟಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳೇಕೆ ಹೇಳಲಿ, ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕಳು. ಹಿತ್ತಲಿನಲ್ಲಿ ಮಾತ್ರ ಹುಳಿ ಸೇಬಿನ ಕಸಿ ಕಟ್ಟಿ ಸಾಲುಸಾಲಾಗಿ ಸಸಿ ಬೆಳೆಸುತ್ತಿದ್ದಳು. ಇದನ್ನು ಯಾರು ಕೊಳ್ಳುತ್ತಾರೆ ಮಾರಾಯ್ತಿ ಎಂದು ಪಕ್ಕದವರು ಆಡಿಕೊಂಡರು.

ಗುಟ್ಟು ಹಿಡಿದವಳು ಅತ್ತಿಗೆ. ಅವಳ ಕಣ್ಣು ಚುರುಕು. ಚೂಟಿ ಏಣಿ ಹಾಕಿದ ವರ್ಷದಿಂದಲೇ ತೋಟದಲ್ಲಿ ಹಣ್ಣು ಇಲ್ಲವಾದದ್ದನ್ನು ಗಮನಿಸಿದ್ದಳು, ಯಾಕೆಂದು ಮಾತ್ರ ಅವಳಿಗೂ ತಿಳಿದಿರಲಿಲ್ಲ. ಒಂದು ಮಧ್ಯಾಹ್ನ ಬಂದು ಬಾಗಿಲಲ್ಲೇ ನಿಂತು, ಆ ಕತ್ತರಿ ಕೆಳಗಿಡೋಕೆ ನಿನಗೇನು ಬೇಕು ಹೇಳು ಅಂದಳು.

"ಅವನು ಸಂಘದಲ್ಲಿ ಎದ್ದು ನಿಂತು ನಿಜ ಹೇಳಲಿ ಅತ್ತಿಗೆ. ಅಷ್ಟು ಸಾಕು. ಆಮೇಲೆ ನನ್ನ ಮರ ಹೂ ಬಿಡುತ್ತೆ."

ಅತ್ತಿಗೆ ಗಂಡನಿಗೆ ಏನು ಹೇಳಿದಳೋ, ಹೇಗೆ ಹೇಳಿದಳೋ, ಅಂತೂ ಅವನು ಒಪ್ಪಿದ. ಸಂಘದ ವಾರ್ಷಿಕ ಸಭೆಗೆ ಚೂಟಿ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಹೇಳಿಬಿಟ್ಟರೆ ನಾಳೆಯೇ ಏಣಿ ಒಳಗಿಡಬೇಕು ಎಂದುಕೊಂಡಳು. ಮನಸ್ಸಿನಲ್ಲಿ ಆಗಲೇ ಅರ್ಧ ಕ್ಷಮಿಸಿಯೂ ಬಿಟ್ಟಿದ್ದಳು.

ಅಣ್ಣ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ. "ಈ ಹಣ್ಣಿನ ಹಿಂದೆ ನನ್ನ ತಂಗೀನೂ ಇದ್ದಾಳೆ. ಅದನ್ನ ಇವತ್ತು ನಿಮ್ಮೆಲ್ಲರ ಮುಂದೆ ಹೇಳ್ತಾ ಇದ್ದೀನಿ. ಯೋಚನೆ ನನ್ನದಾದ್ರೂ ಕೈ ಅವಳದು. ಹೆಣ್ಮಕ್ಕಳ ಕೈ ನಾಜೂಕು ನೋಡಿ."

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಅವಳಿಗಲ್ಲ, ಅವನಿಗೆ. ಪಕ್ಕದಲ್ಲಿದ್ದ ಮುದುಕನೊಬ್ಬ ಇವಳ ಕಡೆ ತಿರುಗಿ, ಎಂಥ ದೊಡ್ಡ ಮನಸ್ಸು ನೋಡಮ್ಮ, ತಂಗಿಗೂ ಪಾಲು ಕೊಟ್ಟ ಎಂದು ಕಣ್ಣೊರೆಸಿಕೊಂಡ. ಚೂಟಿಗೆ ರಕ್ತ ಕುದಿಯಿತು. ಎದ್ದಳು. ನಡುವಿನ ದಾರಿಯಲ್ಲಿ ನಡೆದು ವೇದಿಕೆ ಹತ್ತಿದಳು. ತಂಗಿ ಕೃತಜ್ಞತೆ ಹೇಳಲು ಬಂದಳೆಂದುಕೊಂಡು ಅವನೇ ಪಕ್ಕಕ್ಕೆ ಸರಿದು ಮೈಕು ಬಿಟ್ಟುಕೊಟ್ಟ.

"ಹೊಸ ಸೇಬು ಹಾಕಿದವರು ಎಷ್ಟು ಜನ ಇದ್ದೀರಿ? ಹಳೇ ಮರ ಕಡಿದವರು ಕೈ ಎತ್ತಿ" ಅಂದಳು. ಕೈಗಳು ಮೇಲೆದ್ದವು. "ಹೂ ಬಂತಾ? ಕಾಯಿ ನಿಂತಿತಾ?"

ಹೂ ಎಲ್ಲರಿಗೂ ಬಂದಿತ್ತು, ಕಾಯಿ ಯಾರಿಗೂ ನಿಂತಿರಲಿಲ್ಲ. ಗೊಬ್ಬರ ಹಾಕಿ, ತಾಳ್ಮೆಯಿಂದಿರಿ ಎಂದು ಅಣ್ಣ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೇಳಿ ಕಳಿಸಿದ್ದರಿಂದ, ತಂತಮ್ಮ ತೋಟಕ್ಕೆ ಮಾತ್ರ ಹೀಗಾಗಿದೆಯೆಂದು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು. ಈಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನೀವು ತೋಟ ತುಂಬ ನೆಟ್ಟಿರುವುದು ಒಂದೇ ಮರ, ಅದು ತನ್ನಿಂದ ತಾನೇ ಫಲ ಕೊಡುವುದಿಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಎರಡು ಕೊಂಬೆಯ ಕತೆ ಹೇಳಿದಳು. ಬೇಕಾದರೆ ಇವನನ್ನೇ ಕೇಳಿ, ಯೋಚನೆ ಇವನದಲ್ಲವೇ, ಕಾಯಿ ಯಾಕೆ ಕಟ್ಟುವುದಿಲ್ಲ ಎಂದು ಇವನೇ ಹೇಳಲಿ ಅಂದಳು. ಅವನಿಗೆ ಗೊತ್ತಿದ್ದರೆ ತಾನೆ ಹೇಳುವುದು? ಮುಂದಿನ ಸಾಲಿನವನೊಬ್ಬ ಎದ್ದು, ಹಲ್ಲುಜ್ಜಿಕೊಂಡು ಬಾರಯ್ಯ, ಹೊಳೆಯಬಹುದು ಅಂದ. ನಗು ಹಿಂದಿನ ಗೋಡೆಯವರೆಗೂ ಹೋಗಿ ಬಂತು. ಹುಳಿ ಸೇಬಿನ ಸಸಿ ನನ್ನ ಹಿತ್ತಲಲ್ಲಿದೆ, ಎಲೆ ಉದುರಿದ ಮೇಲೆ, ನೆಡುವ ಕಾಲಕ್ಕೆ ಬನ್ನಿ ಎಂದು ಹೇಳಿ ಚೂಟಿ ಇಳಿದು ಬಂದಳು. ಎಷ್ಟೋ ವರ್ಷದ ಮೇಲೆ ಅವಳಿಗೆ ಚೆನ್ನಾಗಿ ಹಸಿವಾಯಿತು.

ಎಲೆ ಉದುರಿತು. ಅವಳ ಗೇಟಿನಿಂದ ರಸ್ತೆಯ ತಿರುವಿನವರೆಗೆ ಜನ ಸಾಲು ನಿಂತರು. ಪೆದ್ದಿ ಅಂದವರೇ ಅಮ್ಮಾ ತಾಯಿ ಅಂದರು. ಕೊನೆಯಲ್ಲಿ ಅಣ್ಣ ನಿಂತಿದ್ದ. ಮುಂದಿನವರು ಯಾರೂ ಅವನಿಗೆ ಜಾಗ ಬಿಡಲಿಲ್ಲ, ಅವಳೂ ಕರೆಯಲಿಲ್ಲ. ಅವನ ಸರದಿ ಬರುವಷ್ಟರಲ್ಲಿ ಮಣ್ಣಷ್ಟೇ ಉಳಿದಿತ್ತು.

"ಮುಗೀತು" ಅಂದಳು.

ಅವನು ಖಾಲಿ ಪಾತಿಗಳನ್ನು ನೋಡಿದ. ಸಿಟ್ಟಾಗಲಿಲ್ಲ. ಇಳಿದುಹೋಗಿದ್ದ. "ನನಗೇನೂ ತೋಚ್ತಾ ಇಲ್ಲ ಕಣೇ" ಅಂದ. "ಏನು ಮಾಡೋದು, ನೀನೇ ಹೇಳು."

ಅವನು ಹಾಗೆ ಕೇಳಿದ್ದೇ ತಡ, ಅವಳಿಗೆ ಹೊಳೆಯಿತು. ಸಸಿ ಯಾಕೆ ಬೇಕು? ನಿಂತ ಮರದಲ್ಲೇ ಒಂದೊಂದು ಕೊಂಬೆಗೆ ಹುಳಿ ಸೇಬಿನ ಕಸಿ ಕಟ್ಟಿದರೆ ಪ್ರತಿ ಮರದಲ್ಲೂ ಎರಡು ಜಾತಿಯ ಹೂ. ಜಾಗ ಬೇಡ, ಹೆಚ್ಚು ಕಾಯುವುದೂ ಬೇಡ, ಇಡೀ ಊರೇ ಉಳಿಯುತ್ತದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಕೈಗೇನು ತಿಳಿಯುತ್ತೆ ಅಣ್ಣ?" ಅಂದಳು. "ಯೋಚನೆ ನಿನ್ನದಲ್ವಾ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎದುರಿನ ಗೋಡೆಗೆ ಮುಖ ಮಾಡಿ ಕೂತು ಮತ್ತೆ ಯೋಚಿಸಿದಳು. ಯಾವ ಕೊಂಬೆಗೆ ಕಟ್ಟುವುದು, ನೆತ್ತಿಯದಕ್ಕೋ ಪಕ್ಕದ್ದಕ್ಕೋ? ನೆತ್ತಿಯದಕ್ಕೆ ಅಂದುಕೊಂಡಳು. ಯಾರೂ ಅಲ್ಲ ಅನ್ನಲಿಲ್ಲ. ಪಕ್ಕದ್ದಕ್ಕೆ ಅಂದುಕೊಂಡಳು, ಅದಕ್ಕೂ ಯಾರೂ ಅಲ್ಲ ಅನ್ನಲಿಲ್ಲ. ಹೊರಗೆ ಗೇಟಿನ ಹತ್ತಿರ ಅವನು ಇನ್ನೂ ನಿಂತಿದ್ದ, ಕೆಮ್ಮು ಕೇಳಿಸುತ್ತಿತ್ತು. ಅವಳು ಎದ್ದು ಬಂದು ಚಿಲಕದ ಮೇಲೆ ಕೈಯಿಟ್ಟಳು. ಹೆಜ್ಜೆಯ ಸದ್ದು ರಸ್ತೆಗಿಳಿದು ದೂರವಾಗುವವರೆಗೂ ಹಾಗೆಯೇ ನಿಂತಿದ್ದಳು, ತೆಗೆಯಲಿಲ್ಲ.