ಬೆಟ್ಟಕ್ಕೆ ಹೊರಟ ಹಾಸಿಗೆ

ನನ್ನ ಮಗನದು ಹಾಸಿಗೆ ಅಂಗಡಿ. ಬಂದ ಗಿರಾಕಿಯನ್ನು ಅವನು ಮೊದಲು ಕೇಳುವುದೇ "ಮಗ್ಗುಲಾಗಿ ಮಲಗ್ತೀರೋ, ಅಂಗಾತವೋ?" ಎಂದು. ಡಾಕ್ಟರೂ ಅಷ್ಟು ಗಂಭೀರವಾಗಿ ಕೇಳುವುದಿಲ್ಲ. ಸೊಸೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಿಷನ್ನಿನ ಮುಂದೆ ಕೂತು ಹಾಸಿಗೆಗಳಿಗೆ ಗವಸು ಹೊಲಿಯುತ್ತಾಳೆ. ಊರಿಗೆಲ್ಲ ನಿದ್ದೆ ಹೊಲಿದು ಕೊಡುವ ಅವಳು, ಮದುವೆಯಾದ ಮೇಲೆ ಒಂದು ರಾತ್ರಿಯೂ ಈ ಮನೆ ಬಿಟ್ಟು ಇದ್ದವಳಲ್ಲ. ತವರಿಗೆ ಹೋದರೂ ದೀಪ ಹಚ್ಚುವ ಹೊತ್ತಿಗೆ ವಾಪಸು.

ಅಂಥವಳು ಒಂದು ದಿನ ಊಟದ ಹೊತ್ತಿಗೆ ಬಾಯಿಬಿಟ್ಟು ಕೇಳಿದಳು. ಬೆಟ್ಟದ ಮೇಲಿನ ಕಾಡಿಗೆ ಹೋಗಬೇಕು, ಒಂದು ರಾತ್ರಿ ಅಲ್ಲಿದ್ದು ಬರಬೇಕು. ಆಸೆ ಹುಟ್ಟಿಸಿದವಳು ನನ್ನ ಮಗಳು. ಆಸ್ಪತ್ರೆಯಲ್ಲಿ ನರ್ಸು, ಗೆಳತಿಯರ ಜೊತೆ ಅಲ್ಲಿಗೆ ಹೋಗಿಬಂದವಳು.

"ಒಂದು ಡೇರೆ, ಒಂದು ಹೊದಿಕೆ, ಊಟ, ನೀರು. ಬೆನ್ನಿಗೆ ಹಾಕ್ಕೊಂಡು ನಡೆದ್ರೆ ಆಯ್ತು ಅತ್ತಿಗೆ" ಎಂದಳು ಮಗಳು.

"ಆಯ್ತು ಅಂದ್ರೆ ಆಗ್ಬಿಡುತ್ತಾ?" ಮಗ ತಟ್ಟೆ ಸರಿಸಿದ. "ನಾನೂ ಬರ್ತೀನಿ. ಸರಿಯಾಗಿ ಪ್ಲಾನ್ ಮಾಡ್ಬೇಕು."

ಅವನು 'ಸರಿಯಾಗಿ' ಎಂದರೆ ನನಗೆ ಎದೆ ಧಸಕ್ಕೆನ್ನುತ್ತದೆ. ಬಚ್ಚಲ ನಲ್ಲಿಯನ್ನು ಸರಿಯಾಗಿ ರಿಪೇರಿ ಮಾಡಿಸಬೇಕೆಂದು ಅವನು ಪ್ಲಾನ್ ಹಾಕಿದಾಗ ಕೆಳಗಿಟ್ಟ ಬಕೀಟು ಈಗ ಮನೆಯ ಮಗನ ಹಾಗೆ ಅಲ್ಲೇ ಬೆಳೆಯುತ್ತಿದೆ.

ಮಗಳು ಅರಣ್ಯ ಇಲಾಖೆಗೆ ಹೋಗಿ ನಾಲ್ವರ ಹೆಸರಿನಲ್ಲಿ ಅನುಮತಿ ತಂದಳು. ಅವಳು, ಸೊಸೆ, ಮಗ, ಜೊತೆಗೆ ಮಗನ ಹಟಕ್ಕೆ ಪಕ್ಕದ ಮನೆಯ ಡ್ರಿಲ್ ಮಾಸ್ತರು. ಶಾಲೆಯ ಮೈದಾನ ಬಿಟ್ಟು ಬೇರೆ ಎತ್ತರ ಕಾಣದ ಈ ಮಾಸ್ತರು ಸಂಜೆ ಸಂಜೆ ನಮ್ಮ ಹಾಲಿನಲ್ಲಿ ಕೂತು ಚಹಾ ಹೀರುತ್ತ ಬೆಟ್ಟ ಹತ್ತಿಸಿದರು, ಇಳಿಸಿದರು. ಸೊಸೆ ಮಾತ್ರ ಮಾತಿಲ್ಲದೆ ಹೊಸ ಬೂಟು ಕೊಂಡು, ಕಾಲಿಗೆ ಹೊಂದಲಿ ಎಂದು ಅದನ್ನು ಹಾಕಿಕೊಂಡೇ ಮಿಷನ್ ತುಳಿಯತೊಡಗಿದಳು.

ಕೊನೆಗೆ ಮಲಗುವ ವಿಷಯ ಬಂತು. ಅಲ್ಲಿಗೆ ಕೆಟ್ಟಿತು ಕತೆ.

"ಹಾಸಿಗೆ ಅಂಗಡಿಯವರು ಹೋಗಿ ನೆಲದ ಮೇಲೆ ಬಿದ್ಕೊಂಡಿದ್ರು ಅಂತ ಯಾರಾದ್ರೂ ಅಂದ್ರೆ?" ಎಂದ ಮಗ.

"ಕಾಡಲ್ಲಿ ಯಾರಪ್ಪಾ ಅನ್ನೋರು? ಕರಡಿನಾ?" ಎಂದೆ ನಾನು.

"ಅಮ್ಮ, ನಿಂಗೆ ವ್ಯಾಪಾರ ಗೊತ್ತಾಗಲ್ಲ, ಸುಮ್ನಿರು."

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನನ್ನ ಮಗ ಕಾಲು ಹೊರಡುವ ಮುಂಚೆ ಹಾಸಿಗೆ ಚಾಚಿದ. ತಲೆಗೊಂದರಂತೆ ಹತ್ತಿಯ ಹಾಸಿಗೆ ಮಾಡಿಸಿದ. ಗವಸು ಹೊಲಿದವಳು ಸೊಸೆಯೇ. ಸುತ್ತಿ ಹಗ್ಗ ಬಿಗಿದರೆ ಒಂದೊಂದೂ ಮೇದು ಮಲಗಿದ ಕರುವಿನ ಹಾಗೆ. ಅಭ್ಯಾಸಕ್ಕೆಂದು ಅದನ್ನು ಹೊತ್ತು ಮಹಡಿ ಮೆಟ್ಟಿಲು ಹತ್ತಿದ ಡ್ರಿಲ್ ಮಾಸ್ತರು ತಿರುವಿನಲ್ಲಿ ಸಿಕ್ಕಿಕೊಂಡರು. ಹಿಂದಕ್ಕೂ ಬರಲಾರರು, ಮುಂದಕ್ಕೂ ಹೋಗಲಾರರು. "ಮಾಸ್ತರೇ, ಉಸಿರು ಒಳಗೆಳ್ಕೊಳ್ಳಿ!" ಎಂದು ಮಗಳು ಕೆಳಗಿನಿಂದ ಕೂಗಿದಳು. ಎಳೆದುಕೊಂಡಿದ್ದು ಮಾಸ್ತರು, ಹಾಸಿಗೆ ಎಳೆದುಕೊಳ್ಳಲಿಲ್ಲ.

ಭಾರ ಇಳಿಸಬೇಕೆಂದು ಮತ್ತೆ ಸಭೆ. ಪಾತ್ರೆ ಬಿಟ್ಟರು. ಟಾರ್ಚು ಬಿಟ್ಟರು. ನೀರೂ ಅರ್ಧವಾಯಿತು. ಹಾಸಿಗೆಯ ಮಾತೆತ್ತಿದ ಮಗಳಿಗೆ ಬೈಗುಳ ಬಿತ್ತು. ಆಗ ಮಾಸ್ತರ ತಲೆಯಲ್ಲಿ ಮಿಂಚು ಹೊಳೆಯಿತು:

"ಒಬ್ಬರು ಕಮ್ಮಿಯಾದ್ರೆ ಒಂದು ಹಾಸಿಗೆ ಕಮ್ಮಿ ಅಲ್ವಾ?"

ಎಲ್ಲರ ಕಣ್ಣೂ ಚಹಾ ಹಿಡಿದು ಬಾಗಿಲಲ್ಲಿ ನಿಂತವಳ ಕಡೆ ತಿರುಗಿತು.

"ನನ್ನ ಹಾಸಿಗೆ ಬಿಟ್ಬಿಡಿ. ನಾನು ಬರ್ತೀನಿ" ಎಂದಳು ಸೊಸೆ.

"ಛೆ! ನಿನ್ನ ನೆಲದ ಮೇಲೆ ಮಲಗಿಸ್ತೀನಾ? ನಾನೇನು ಕಟುಕನೇನೇ? ನೀನು ಇನ್ನೊಂದ್ಸಲ ಬಂದ್ರಾಯ್ತು."

ಪ್ರೀತಿ ಎಂದರೆ ಹೀಗಿರಬೇಕು: ಹೆಂಡತಿಯ ಬೆನ್ನು ನೋಯಬಾರದೆಂದು ಹೆಂಡತಿಯನ್ನೇ ಬಿಟ್ಟು ಹೊರಡುವುದು. "ಕೇಳಿದವಳು ಮನೇಲಿ, ಕೇಳದ ಮಾಸ್ತರು ಕಾಡಲ್ಲಿ. ಚೆನ್ನಾಗಿದೆ ಕಣಪ್ಪಾ ನ್ಯಾಯ" ಎಂದೆ. ಅವನಿಗೆ ಕೇಳಿಸಲಿಲ್ಲ. ಸೊಸೆ ಚಹಾ ಇಟ್ಟು ಹೋಗಿ ಮಿಷನ್ ತುಳಿದಳು. ಬೂಟು ಬಿಚ್ಚಿರಲಿಲ್ಲ.

ಹೊರಡುವ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಎಲ್ಲರೂ ಹೋದೆವು. ಊಟದ ಚೀಲ ಸೊಸೆಯ ಹೆಗಲಲ್ಲಿತ್ತು. ಬೆಟ್ಟದ ಕಡೆಗೆ ದಿನಕ್ಕೆ ಅದೊಂದೇ ಬಸ್ಸು. ಕಂಡಕ್ಟರು ಸುರುಳಿಗಳನ್ನು ನೋಡಿ ಬಾಗಿಲಿಗೆ ಅಡ್ಡ ನಿಂತ.

"ಯಜಮಾನ್ರೇ, ಇದು ಬಸ್ಸು. ಮನೆ ಖಾಲಿ ಮಾಡೋ ಲಾರಿ ಅಲ್ಲ."

"ಮೇಲೆ ಹಾಕಪ್ಪ."

"ಮೇಲೆ ಕ್ಯಾರಿಯರ್ರೇ ಇಲ್ಲ. ನೀವು ಹತ್ತಿ, ಹಾಸಿಗೆ ಬೇಡ."

ಮಗಳು ತನ್ನ ಪಾಲಿನ ಸುರುಳಿಯನ್ನು ಅಣ್ಣನ ಕಾಲ ಬುಡದಲ್ಲಿ ಇಳಿಸಿ ಹತ್ತಿಬಿಟ್ಟಳು. ಅವಳ ಬೆನ್ನಿಗೇ ಊಟದ ಚೀಲವೂ ಹತ್ತಿತು. ಚೀಲದ ಜೊತೆ ಸೊಸೆ. ಕಿಟಕಿ ಪಕ್ಕ ಕೂತಳು.

"ಏ, ಇಳಿಯೇ! ನೀನೆಲ್ಲಿಗೆ?" ಎಂದ ಮಗ.

"ಅನುಮತೀಲಿ ನನ್ನ ಹೆಸರಿದೆ ರೀ. ನೀವೂ ಬನ್ನಿ. ಅದನ್ನ ಅಲ್ಲೇ ಬಿಟ್ಟು ಬನ್ನಿ, ಅತ್ತೆ ಮನೆಗೆ ತಗೊಂಡು ಹೋಗ್ತಾರೆ."

ನಾನು ತಕ್ಷಣ ಹಗ್ಗಕ್ಕೆ ಕೈ ಹಾಕಿದೆ. ಮಗ ಬಸ್ಸನ್ನು ನೋಡಿದ, ಹಾಸಿಗೆಯನ್ನು ನೋಡಿದ. ಹೆಂಡತಿ ತನ್ನ ಪಕ್ಕದ ಸೀಟಿನ ಮೇಲೆ ಅಂಗೈ ಇಟ್ಟು ಜಾಗ ಹಿಡಿದಿದ್ದಳು. ಮಾಸ್ತರು ಅವನ ಕಿವಿಯಲ್ಲಿ "ಗಾಡಿ ಮಾಡ್ಕೊಂಡು ಹಿಂದೇನೇ ಹೋಗೋಣ, ಸರಿಯಾಗಿ ಪ್ಲಾನ್ ಮಾಡಿ" ಎಂದರು. ಮಗನ ಮುಖ ಅರಳಿತು. ಕಂಡಕ್ಟರು ಸೀಟಿ ಊದಿದ. ಸೀಟಿನ ಮೇಲಿದ್ದ ಕೈಯನ್ನು ಸೊಸೆ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಗಾಡಿ ಯಾವುದಾಗಬೇಕೆಂಬ ಚರ್ಚೆ ಮಾರನೆಯ ಮಧ್ಯಾಹ್ನದವರೆಗೂ ನಮ್ಮ ಹಾಲಿನಲ್ಲಿ ನಡೆಯಿತು.

ಸಂಜೆ ಬೆಟ್ಟಕ್ಕೆ ಹೋದ ಇಬ್ಬರೂ ವಾಪಸು ಬಂದರು. ಸೊಸೆಯ ಕೆನ್ನೆಗೆ ಮುಳ್ಳು ಗೀರಿತ್ತು, ತಲೆಯಲ್ಲಿ ಒಣ ಎಲೆ. ಮಗ ಎದ್ದು ನಿಂತ. "ಬೆನ್ನು ಹಿಡ್ಕೊಳ್ತಾ? ನಿದ್ದೆ ಬರಲಿಲ್ಲ ಅಲ್ವಾ?"

"ಒಂಚೂರೂ ಬರಲಿಲ್ಲ" ಎಂದಳು, ನಗುತ್ತ. "ಮಲಗೋಕೆ ಮನಸ್ಸೇ ಬರಲಿಲ್ಲ ರೀ. ಬೆಳಗಾಗೋವರೆಗೂ ಕೂತಿದ್ವಿ. ಮಳೆಗಾಲ ಮುಗಿದ ಮೇಲೆ ಮತ್ತೆ ಹೋಗ್ತೀವಿ."

"ಹಾಗಾದ್ರೆ ಈಗಿನಿಂದಲೇ ಸರಿಯಾಗಿ ಪ್ಲಾನ್ ಮಾಡೋಣ" ಎಂದು ಮಗ ಕುರ್ಚಿ ಎಳೆದುಕೊಂಡು ಕೂತ. ಎದುರಿನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ.