ಹರಕೆ ಮುಟ್ಟಿದ ಕಣ್ಣು

ಇಳಕಲ್ಲಿನ ನೇಕಾರರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದ ಲಗಮವ್ವ, ಮಗಳು ಶಾರವ್ವನ ಎಡಗಣ್ಣಿಗಾಗಿ ವರ್ಷಪೂರ್ತಿ ಆ ಹುಡುಗಿಯೊಂದಿಗೆ ಜಗಳವಾಡಿದ್ದಳು. ಅದು ಹುಟ್ಟಾ ಮೈಗಳ್ಳ ಕಣ್ಣು. ನೋಡುವ ಕೆಲಸವನ್ನೆಲ್ಲ ಬಲಗಣ್ಣಿಗೇ ಬಿಟ್ಟು ಕುಳಿತಿತ್ತು. ಬಾಗಲಕೋಟೆಯ ಡಾಕ್ಟರು ಚಸ್ಮಾ ಕೊಟ್ಟು, ಎಡಗಣ್ಣು ದುಡಿಯಲೆಂದು ಬಲಗಣ್ಣಿಗೆ ಪಟ್ಟಿ ಕಟ್ಟಿಸಿದರು. ಏಳು ವರ್ಷದ ಶಾರವ್ವ ಪಟ್ಟಿ ಕಿತ್ತೆಸೆಯುವುದು, ತಾಯಿ ಗುದ್ದಿ ಮತ್ತೆ ಕಟ್ಟಿ ತಾನೂ ಅಳುವುದು ನಿತ್ಯದ ರಾಮಾಯಣ. ಕಡೆಗೊಮ್ಮೆ ಎಡಗಣ್ಣು ದಾರಿಗೆ ಬಂತು.

“ಗೆದ್ದಿ ನೋಡವಾ,” ಎಂದರು ಡಾಕ್ಟರು. “ಆದ್ರ ಈ ಕಣ್ಣ ನಂಬಬ್ಯಾಡ. ಚಸ್ಮಾ ತಗೀಬ್ಯಾಡ, ದಿನಾ ಒಂದ ತಾಸರೆ ಪಟ್ಟಿ ಕಟ್ಟು. ಬಿಟ್ರ ಮತ್ತ ಮಲಗತೈತಿ.”

ಮೊಮ್ಮಗಳ ಕಣ್ಣಿಗೆಂದು ಲಗಮವ್ವನ ಅತ್ತೆ, ಶಾರವ್ವನ ಆಯಿ ಸತ್ಯವ್ವ ತುಳಸಿಗೇರಿ ಹನುಮಪ್ಪನಿಗೆ ಹರಕೆ ಹೊತ್ತಿದ್ದಳು. ಮುಂದಿನ ಶನಿವಾರವೇ ಹೋಗಿ ಬೆಳ್ಳಿಯ ಕಣ್ಣು ಏರಿಸಿ ಬಂದರು. ಮರುದಿನ ಲಗಮವ್ವ ಪಟ್ಟಿ ಕೈಗೆತ್ತಿಕೊಂಡಾಗ ಮುದುಕಿ ಸಿಡಿದಳು.

“ಹರಕಿ ಮುಟ್ಟೇತಿ. ಇನ್ನೂ ಪಟ್ಟಿ ಕಟ್ಟತಿ ಅಂದ್ರ ಅಂವಾ ಕೊಟ್ಟೇ ಇಲ್ಲ ಅಂದಂಗಾತು!”

ಲಗಮವ್ವನಿಗೂ ಅಷ್ಟೇ ಬೇಕಿತ್ತು. ಸುಳ್ಳೇಕೆ, ಜಗಳವಾಡಿ ಅವಳ ಜೀವ ಹೈರಾಣಾಗಿತ್ತು. ಪಟ್ಟಿಯೂ ಚಸ್ಮಾವೂ ದೇವರ ಜಗಲಿ ಸೇರಿದವು; ಸತ್ಯವ್ವ ದಿನವೂ ಅವಕ್ಕೆ ಕುಂಕುಮ ಏರಿಸಿದಳು. ದೇವರಿಗೆ ಚಸ್ಮಾ ಬೇಕಿರಲಿಲ್ಲ, ಬೇಕಿದ್ದವಳಿಗೆ ಯಾರೂ ಹಾಕಲಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಕಣ್ಣು ನೆಟ್ಟಗಿದ್ದವು.

ನಾಲ್ಕು ವರ್ಷದ ಮೇಲೆ, ಎಂಬತ್ತೈದನೆಯ ಇಸವಿಯಲ್ಲಿ, ಶಾಲೆಗೆ ಕಣ್ಣು ತಪಾಸಣೆಯವರು ಬಂದರು. ಬಲಗಣ್ಣು ಮುಚ್ಚಿದರೆ ಶಾರವ್ವನಿಗೆ ಗೋಡೆಯ ಮೇಲಿನ ಅತಿ ದೊಡ್ಡ ಅಕ್ಷರವೂ ಕಾಣಲಿಲ್ಲ. ಲಗಮವ್ವ ಮಗಳನ್ನು ಎಳೆದುಕೊಂಡು ಬಾಗಲಕೋಟೆಗೆ ಓಡಿದಳು. ಅದೇ ಡಾಕ್ಟರು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಮತ್ತ ಪಟ್ಟಿ ಕಟ್ಟತೇನ್ರಿ ಸಾಹೇಬ್ರ, ಹಗಲೆಲ್ಲಾ ಕಟ್ಟತೇನ್ರಿ,” ಎಂದಳು ಲಗಮವ್ವ.

“ಕಟ್ಟವಾ. ಆದ್ರ ಆಸೆ ಇಟ್ಕೋಬ್ಯಾಡ. ವಯಸ್ಸು ಮೀರೇತಿ.”

ದವಾಖಾನೆಯ ಹೊರಗೆ ಬಂದವಳೇ ಮಗಳ ಎರಡೂ ಭುಜ ಹಿಡಿದು ಅಲುಗಾಡಿಸಿದಳು. “ಕಾಣವಲ್ದು ಅಂತ ನಿನಗ ಗೊತ್ತಿದ್ದಿಲ್ಲೇನ? ಯಾಕ ಹೇಳಲಿಲ್ಲ?”

“ಆಯಿಗೆ ಹೇಳಿದ್ನಿ,” ಎಂದಳು ಶಾರವ್ವ. “ದೇವರು ಕೊಟ್ಟದ್ದನ್ನ ಇಲ್ಲ ಅಂದ್ರ ಇನ್ನೊಂದನ್ನೂ ಕಸಗೋತಾನ, ಬಾಯಿ ಮುಚ್ಚು ಅಂದ್ಲು. ಅದಕ್ಕ ನಾ ದಿನಾ ಮುಂಜಾನೆ ಎದ್ದಕೂಡ್ಲೆ, ಬಲಗಣ್ಣ ಇನ್ನೂ ಕಾಣತೈತೇನಂತ ನೋಡ್ಕೋತಿದ್ನಿ.”