ಒಂದೇ ಅಳತೆಯ ಸೊಪ್ಪು

"ಮಾತ್ರೆ ತಪ್ಪಿಸಿದ್ರಾ?" ರಕ್ತದ ವರದಿಯಿಂದ ತಲೆಯೆತ್ತದೆ ಡಾಕ್ಟರು ಕೇಳಿದರು.

"ತಪ್ಪಿಸೋಕೆ ಇವಳು ಬಿಡ್ಬೇಕಲ್ಲ! ನುಂಗಿದ್ಮೇಲೆ ಬಾಯಿ ತೆರೆಸಿ ನೋಡ್ತಾಳೆ," ಎಂದ ಗಂಡ.

ಅವಳಿಗೆ ನಗು ಬರಲಿಲ್ಲ. ಅವನ ಹೃದಯದಲ್ಲಿ ಹೊಸ ಕವಾಟ ಕೂರಿಸಿದಂದಿನಿಂದ ರಕ್ತ ಹೆಪ್ಪುಗಟ್ಟದಿರಲು ಆ ಮಾತ್ರೆಯೇ ಗತಿ. ಕಾಳಿನಷ್ಟು ಹೆಪ್ಪು ಮೆದುಳಿಗೆ ಹೋದರೂ ಮುಗಿಯಿತು. ಅದಕ್ಕೇ ಅವಳು ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಆದರೂ ರಕ್ತ ಗಟ್ಟಿಯಾಗುತ್ತಿದೆ ಎನ್ನುತ್ತಿತ್ತು ವರದಿ.

"ಊಟದಲ್ಲಿ ಏನಾದ್ರೂ ಬದಲಾವಣೆ?"

"ಊಟ ಎಲ್ಲಿ ಡಾಕ್ಟ್ರೇ, ಮೇವು! ಎರಡು ಹೊತ್ತೂ ಚೀನಾ ಸೊಪ್ಪು. ಇನ್ನು ಬಾಲ ಬರೋದೊಂದು ಬಾಕಿ."

ಡಾಕ್ಟರ ಪೆನ್ನು ನಿಂತಿತು. ಅವಳು ಕುರ್ಚಿಯ ತುದಿಗೆ ಸರಿದಳು.

"ಅಕ್ಕ ಹೇಳಿದ್ಲು... ಮೂಳೆಗೆ ಒಳ್ಳೇದು, ಕಣ್ಣಿಗೆ ಒಳ್ಳೇದು, ಶಕ್ತಿ ಬರುತ್ತೆ ಅಂತ. ನಾನೂ ಓದಿ ನೋಡ್ದೆ. ಎಲ್ಲೂ ಕೆಟ್ಟದು ಅಂತ ಬರೆದಿರ್ಲಿಲ್ಲ."

"ಕೆಟ್ಟದ್ದಲ್ಲಮ್ಮ. ನೀವು ಓದಿದ್ದೆಲ್ಲ ನಿಜಾನೇ. ಆದ್ರೆ ರಕ್ತ ಹೆಪ್ಪುಗಟ್ಟಿಸೋ ವಿಟಮಿನ್ನೂ ಅದರಲ್ಲಿ ಬೇಕಾದಷ್ಟಿದೆ. ಮಾತ್ರೆ ಈ ಕಡೆ ಎಳೆದ್ರೆ ಸೊಪ್ಪು ಆ ಕಡೆ ಎಳೆಯುತ್ತೆ."

"ಇವತ್ತಿಂದ್ಲೇ ನಿಲ್ಲಿಸಿಬಿಡ್ತೀನಿ."

"ಅದೂ ತಪ್ಪು. ದಿಢೀರಂತ ಬಿಟ್ರೆ ರಕ್ತ ತೀರಾ ತೆಳುವಾಗಿ ಒಳಗೆಲ್ಲಾದ್ರೂ ಸೋರುತ್ತೆ. ದಿನಾ ಒಂದೇ ಬಟ್ಟಲು, ಒಂದೇ ಅಳತೆ ಕೊಡಿ. ಮಾತ್ರೆ ನಾನು ಸರಿಮಾಡ್ತೀನಿ. ಮುಂದಿನ ವಾರ ಮತ್ತೆ ನೋಡೋಣ. ಅಷ್ಟರಲ್ಲಿ ಬಾಯಿ ಒಂದು ಕಡೆ ವಾಲಿದ್ರೆ, ಮಾತು ತೊದಲಿದ್ರೆ, ಕಾಯ್ಬೇಡಿ, ಓಡಿ ಬನ್ನಿ."

ಮೊನ್ನೆ ಅವನು ತಟ್ಟೆ ದೂಡಿದಾಗ, "ನಿಮಗೆ ಬದುಕೋ ಆಸೇನೇ ಇಲ್ಲ" ಎಂದು ರೇಗಿ ಇನ್ನೊಂದು ಸೌಟು ಬಡಿಸಿದ್ದು ದಾರಿಯುದ್ದಕ್ಕೂ ಅವಳಿಗೆ ನೆನಪಾಗುತ್ತಿತ್ತು.

ಮನೆಗೆ ಬಂದು ಬಿಳಿ ದಂಟಿನ ಆ ಸೊಪ್ಪನ್ನು ಹೆಚ್ಚಿ ಬೇಯಿಸಿದಳು. ಬಟ್ಟಲಿಗೆ ಹಾಕಿದಳು; ಒಂದಿಷ್ಟು ತೆಗೆದಳು; ಮತ್ತೆ ಹಾಕಿದಳು. ಮೇಜಿನವರೆಗೆ ತಂದವಳಿಗೆ ಅದನ್ನು ಅವನ ಮುಂದಿಡಲು ಕೈ ಬರಲಿಲ್ಲ.

"ಮೇವು ತೋರ್ಸಿ ಹಿಂದಕ್ಕೆ ಎಳ್ಕೋತಾರೇನೇ? ಕೊಡಿಲ್ಲಿ." ಅವನೇ ಬಟ್ಟಲು ಕಸಿದುಕೊಂಡು ಬಾಯಿತುಂಬ ಹಾಕಿಕೊಂಡ. ಅಗಿಯುತ್ತಲೇ ತನ್ನ ಮಾತಿಗೆ ತಾನೇ ನಕ್ಕ. ಹಲ್ಲಿನ ಸಂದಿಯಲ್ಲಿ ಹಸಿರು ಸಿಕ್ಕಿಕೊಂಡಿತ್ತು.

"ಇನ್ನೊಂದ್ಸಲ ನಗಿ," ಎಂದಳು.

"ಯಾಕೆ, ಅಷ್ಟು ಚೆಂದ ಕಾಣ್ತೀನಾ?"

"ನಗಿ ಅಂದ್ನಲ್ಲ."

ಅವನು ಹಲ್ಲು ಬಿಟ್ಟು ನಕ್ಕ. ಅವಳು ದೀಪದ ಕಡೆಗೆ ಅವನ ಮುಖ ತಿರುಗಿಸಿ, ತುಟಿಯ ಎರಡೂ ತುದಿ ಒಂದೇ ಎತ್ತರಕ್ಕೆ ಏರಿವೆಯೇ ಎಂದು ನೋಡುತ್ತ ನಿಂತಳು.